ಈ ಬ್ಲೌಸ್ ಯಾವ ಸೀರೆಯದು?

ಎರಡು ವಾರದ ಹಿಂದೆ ಎದುರುಮನೆಯ ಸೊಸೆ ಚೈತ್ರಾ ಒಂದು ಹಳೇ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಬಂದಳು. ‘ಅಂಕಲ್, ನೀವು ಪೇಪರ್‌ನಲ್ಲಿ ಇದ್ದೋರು. ವಾಕ್ಯ ಬಿಡಿಸೋದು ನಿಮಗೆ ಗೊತ್ತಿರುತ್ತೆ. ಇದೊಂದು ಹೇಳ್ಕೊಡಿ’ ಎಂದಳು.

ಓದಿದೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ಇಪ್ಪತ್ತೆಂಟು ವರ್ಷ ಸುದ್ದಿಮನೆಯಲ್ಲಿ ಕೂತು ಬೇರೆಯವರ ವಾಕ್ಯ ತಿದ್ದಿದ ನನಗೆ ಆ ಹಾಳೆಯಲ್ಲಿ ಅರ್ಥವಾದದ್ದು ಒಂದೇ ಸಾಲು: ‘ಯಾವುದಾದರೂ ಐದು ಪ್ರಶ್ನೆಗಳಿಗೆ ಉತ್ತರಿಸಿ’.

ವಿಷಯ ಕಂಪೈಲರ್ ಡಿಸೈನ್. ಚೈತ್ರಾಳ ಇಂಜಿನಿಯರಿಂಗ್‌ನಲ್ಲಿ ಉಳಿದಿರುವುದು ಇದೊಂದೇ ಪೇಪರ್. ಮೂರು ಸಲ ಬರೆದಿದ್ದಾಳೆ, ಮೂರು ಸಲವೂ ಹೋಗಿದೆ. ಇದು ಕೊನೆಯ ಅವಕಾಶ. ಈ ಸಲವೂ ಹೋದರೆ ಡಿಗ್ರಿಯೇ ಇಲ್ಲ, ನಾಲ್ಕು ವರ್ಷದ ಓದು ಲೆಕ್ಕಕ್ಕೇ ಬರುವುದಿಲ್ಲ. ಡಿಗ್ರಿ ಕೈಗೆ ಬಂದರೆ ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕಂಪ್ಯೂಟರ್ ಸೆಕ್ಷನ್‌ಗೆ ಅರ್ಜಿ ಹಾಕಬೇಕೆಂದು ಅವಳ ಆಸೆ. ಪರೀಕ್ಷೆಗೆ ಹತ್ತು ದಿನವಿತ್ತು.

ನನಗೆ ಬರುವುದಿಲ್ಲ ಎಂದೆ. ಆದರೆ ಕುತೂಹಲ ಬಿಡಬೇಕಲ್ಲ? ‘ನೀನು ನನಗೆ ಹೇಳಿಕೊಡು, ಹಾಗೇ ನಿನಗೂ ಗೊತ್ತಾಗಬಹುದು’ ಎಂದೆ.

ಅವಳು ಹೇಳಿದ್ದರಲ್ಲಿ ನನಗೆ ದಕ್ಕಿದ್ದು ಇಷ್ಟು. ನಾವು ಬರೆದ ಪ್ರೋಗ್ರಾಂ ಕಂಪ್ಯೂಟರಿಗೆ ಕಾಣುವುದು ಒಂದೇ ಉದ್ದನೆಯ ಸಾಲಾಗಿ. ಅದರಲ್ಲಿ ಯಾವುದು ಯಾವುದರ ಒಳಗೆ ಬರುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಅದು ಕಂಡುಹಿಡಿಯಬೇಕು. ಹಾಗೆ ಬಿಡಿಸುವ ಕೆಲಸಕ್ಕೆ ಪಾರ್ಸಿಂಗ್ ಎನ್ನುತ್ತಾರೆ. ಬಿಡಿಸಿದ್ದನ್ನು ತಲೆಕೆಳಗಾದ ಮರದಂತೆ ಬರೆಯುತ್ತಾರೆ. ಬಿಡಿಸಲು ಬೇಕಾದ ನಿಯಮಗಳ ಪಟ್ಟಿಯೇ ಕಾಂಟೆಕ್ಸ್ಟ್ ಫ್ರೀ ಗ್ರಾಮರ್.

‘ಕಾಂಟೆಕ್ಸ್ಟ್ ಇಲ್ಲದೆ ಅರ್ಥ ಹೇಗಮ್ಮ ಆಗುತ್ತೆ?’ (ಸುದ್ದಿಮನೆಯಲ್ಲಿ ಹಾಗೆ ಬರೆದರೆ ಮರುದಿನ ಸ್ಪಷ್ಟನೆ ಹಾಕಬೇಕಾಗುತ್ತದೆ.)

‘ಅರ್ಥ ಆಮೇಲೆ ಅಂಕಲ್. ಮೊದ್ಲು ಆಕಾರ. ಅಕ್ಕಪಕ್ಕ ಏನಿದೆ ಅಂತ ನೋಡ್ದೆ ಒಂದೊಂದು ಭಾಗಾನೂ ಅದರದೇ ನಿಯಮದಲ್ಲಿ ಬಿಡಿಸ್ಬೋದು. ಅದಕ್ಕೇ ಫ್ರೀ.’

ಅಷ್ಟರಲ್ಲಿ ಕರೆಂಟ್ ಹೋಯಿತು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಾತುಕತೆ ಶುರುವಾಗುವುದೇ ಆಗ. ಮನೆಮನೆಯಲ್ಲೂ ಪವರ್‌ಲೂಮ್. ಮಗ್ಗ ಓಡುತ್ತಿದ್ದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಚೈತ್ರಾಳ ಅತ್ತೆ ರತ್ನಕ್ಕ ಕೈ ಒರೆಸಿಕೊಳ್ಳುತ್ತಾ ನಮ್ಮ ಜಗಲಿಗೆ ಬಂದರು. ಮನೆಯ ಎರಡು ಮಗ್ಗ ನೋಡಿಕೊಳ್ಳುವವರು ಅವರೇ. ಓದಿದ್ದು ಏಳನೇ ಕ್ಲಾಸು.

‘ಏನ್ ಸಾರ್, ನಮ್ ಹುಡುಗಿಗೆ ಪಾಠಾನಾ?’

‘ನನಗೇ ಪಾಠ ಆಗ್ತಿದೆ ರತ್ನಕ್ಕ.’

‘ಏನದು, ನನಗೂ ಹೇಳೇ’ ಎಂದರು ಸೊಸೆಗೆ.

ಚೈತ್ರಾ ಒಂದು ಕ್ಷಣ ಯೋಚಿಸಿ, ‘ಸೀರೆ ಅಂತ ಇಟ್ಕೊಳ್ಳಿ ಅತ್ತೆ. ಸೀರೆ ಅಂದ್ರೆ ಸೆರಗು, ಆಮೇಲೆ ಒಡಲು. ಇದೊಂದು ನಿಯಮ. ಒಡಲು ಅಂದ್ರೆ ಒಡಲು, ಆಮೇಲೆ ಒಂದು ಸಾಲು ಬುಟ್ಟಾ. ಇದು ಇನ್ನೊಂದು’ ಎಂದಳು.

‘ಒಡಲು ನೇಯೋಕೆ ಮುಂಚೆ ಒಡಲು ನೇಯ್ಬೇಕಾ? ಹಂಗಾದ್ರೆ ಮೊದಲ್ನೇ ಲಾಳಿ ಓಡೋದು ಯಾವಾಗ?’

ಚೈತ್ರಾ ಪ್ರಶ್ನೆಪತ್ರಿಕೆ ತಿರುಗಿಸಿ, ‘ಅಂಕಲ್, ಇದೇ ಮೂರನೇ ಪ್ರಶ್ನೆ. ಲೆಫ್ಟ್ ರಿಕರ್ಷನ್’ ಎಂದಳು. ಮೇಲಿನಿಂದ ಕೆಳಕ್ಕೆ ಬಿಡಿಸುತ್ತಾ ಹೋಗುವ ಪಾರ್ಸರ್‌ಗೆ ಹೀಗೆ ತನ್ನಿಂದಲೇ ಶುರುವಾಗುವ ನಿಯಮ ಕೊಟ್ಟರೆ ಅದು ಶುರುವೇ ಆಗದೆ ಅಲ್ಲೇ ಸುತ್ತುತ್ತಿರುತ್ತದಂತೆ. ‘ಒಂದು ಸಾಲು ಬುಟ್ಟಾ, ಆಮೇಲೆ ಉಳಿದ ಒಡಲು’ ಎಂದು ತಿರುಗಿಸಿ ಬರೆದರೆ ದಾರಿ ಸಿಗುತ್ತದೆ. ಪುಸ್ತಕದಲ್ಲಿ ಇದಕ್ಕೆ ಎರಡು ಪುಟ. ರತ್ನಕ್ಕನಿಗೆ ಒಂದು ಲಾಳಿ ಸಾಕಾಯಿತು.

‘ಯಾವುದು ಬರೋದಿಲ್ಲ ನಿಂಗೆ, ಅದು ಹೇಳು’ ಎಂದು ರತ್ನಕ್ಕ ಕಾಲು ಮಡಚಿ ಕೂತರು.

ಬಾರದೆ ಇದ್ದದ್ದು ಹತ್ತು ಮಾರ್ಕ್ಸಿನ ಪ್ರಶ್ನೆ. ಮೂರು ಸಲವೂ ಕೈಕೊಟ್ಟದ್ದು ಅದೇ. ‘ಮಳೆ ಬಂದರೆ, ಕೊಡೆ ಇದ್ದರೆ, ನಡೆದು ಹೋಗು, ಇಲ್ಲದಿದ್ದರೆ ಬಸ್ ಹತ್ತು’ ಎಂದು ಬರೆದರೆ, ಏನು ಇಲ್ಲದಿದ್ದರೆ? ಮಳೆಯೋ, ಕೊಡೆಯೋ? ಪ್ರೋಗ್ರಾಮಿನಲ್ಲೂ ಹೀಗೇ ಬರುತ್ತದೆ. ಒಂದೇ ಸಾಲಿಗೆ ಎರಡು ಮರ ಬಿಡಿಸಬಹುದು, ಎರಡೂ ನಿಯಮದ ಪ್ರಕಾರ ಸರಿ. ಯಾಕೆ ಹೀಗಾಗುತ್ತದೆ, ಸರಿಪಡಿಸುವುದು ಹೇಗೆ ಎಂದು ಬರೆಯಬೇಕು. ಚೈತ್ರಾ ಬಾಯಿಪಾಠ ಮಾಡುತ್ತಿದ್ದಳು, ಹಾಲ್‌ನಲ್ಲಿ ಮರೆಯುತ್ತಿದ್ದಳು.

ರತ್ನಕ್ಕ ನಕ್ಕರು. ‘ಲೇ, ನೀನು ಮದ್ವೆ ಆಗಿ ಬಂದ ತಿಂಗಳು ಕತ್ತರಿ ಹಾಕಿದ್ದೆಯಲ್ಲ, ಅದೇ ತಾನೇ ಇದು?’

ಆ ಕತೆ ನಮ್ಮ ಬೀದಿಗೆಲ್ಲ ಗೊತ್ತು. ಹೊಸಬರಿಗಾಗಿ ಹೇಳುತ್ತೇನೆ. ಮಗ್ಗದಲ್ಲಿ ಸೀರೆಗಳು ಬಿಡಿಬಿಡಿಯಾಗಿ ಹುಟ್ಟುವುದಿಲ್ಲ. ಒಂದರ ಬೆನ್ನಿಗೆ ಒಂದು ಉದ್ದಕ್ಕೆ ಬರುತ್ತವೆ, ಆಮೇಲೆ ಕತ್ತರಿಸುತ್ತಾರೆ. ಕೆಲವು ಗಿರಾಕಿಗಳಿಗೆ ಬ್ಲೌಸ್ ಪೀಸ್ ಬೇಕು, ಕೆಲವರಿಗೆ ಬೇಡ. ಬೇಕು ಎನ್ನುವವರಲ್ಲೂ ಕೆಲವರಿಗೆ ಅದು ಒಡಲಿನ ಕೊನೆಗೆ ಇರಬೇಕು, ಕೆಲವರಿಗೆ ಸೆರಗಿನ ಮುಂಚೆ. ಅವತ್ತಿನ ಬಟ್ಟೆ ಹೀಗಿತ್ತು: ಹಸಿರು ಸೆರಗು, ಒಡಲು, ಪ್ಲೇನ್ ಬ್ಲೌಸ್, ನೀಲಿ ಸೆರಗು, ಒಡಲು. ಕತ್ತರಿಸಲು ಕೂತವಳು ಹೊಸ ಸೊಸೆ. ಬ್ಲೌಸ್ ಯಾರದು? ಹಸಿರು ಸೆರಗಿನ ಸೀರೆಯ ಬಾಲವೋ, ನೀಲಿಯದರ ತಲೆಯೋ?

‘ನೀಲಿದು ಅಂತ ಕತ್ತರಿಸ್ಬಿಟ್ಟೆ’ ಎಂದಳು ಚೈತ್ರಾ ನಿಧಾನವಾಗಿ. ‘ಅದು ಹಸಿರಿನೋರದು.’

‘ಆ ಹಸಿರು ಸೀರೆ ಮದುಮಗಳ ಕಡೆಯೋರು ಬಂದು ಬಾಗಿಲಲ್ಲೇ ಕೂತ್ಕೊಂಡ್ರು. ನಾನೇನು ನಿನ್ನ ಬೈದ್ನಾ?’

‘ಬೈದ್ರಿ ಅತ್ತೆ.’

‘ಒಂದೇ ದಿನ ಬೈದಿದ್ದು. ನೀನು ಕತ್ತರಿಸಿದ್ದೂ ತಪ್ಪಲ್ಲ ಕಣೇ. ಎರಡು ಥರಾನೂ ಕೂರುತ್ತಲ್ಲ. ತಪ್ಪು ನಂದು, ಗುರುತು ಹಾಕಿರ್ಲಿಲ್ಲ.’

ಅಂದಿನಿಂದ ಆ ಮನೆಯಲ್ಲಿ ಎರಡು ಕ್ರಮ. ಒಂದು ಸೀರೆ ಮುಗಿದ ಕಡೆ ನಾಲ್ಕು ಎಳೆ ಬಿಳಿ ನೂಲು ಹೊಡೆಯುವುದು. ಅದು ಮರೆತುಹೋಗಿದ್ದರೆ, ಬ್ಲೌಸ್ ಯಾವತ್ತೂ ಹಿಂದಿನ ಸೀರೆಗೆ ಸೇರಿದ್ದು ಎಂದುಕೊಳ್ಳುವುದು.

ಚೈತ್ರಾ ಪೆನ್ ಕೇಳಿದಳು. ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಆ ಬಟ್ಟೆಗೆ ಎರಡು ಮರ ಬರೆದಳು. ಒಂದರಲ್ಲಿ ಬ್ಲೌಸ್ ಹಸಿರಿನ ಕೆಳಗೆ, ಇನ್ನೊಂದರಲ್ಲಿ ನೀಲಿಯ ಕೆಳಗೆ. ಮನೆಯಿಂದ ಪುಸ್ತಕ ತಂದು ತೆರೆದು ತೋರಿಸಿದಳು. ಅಲ್ಲಿ ಕೊಟ್ಟಿದ್ದ ಪರಿಹಾರವೂ ಎರಡೇ: ಮುಗಿದ ಕಡೆ ಗುರುತು ಹಾಕು, ಇಲ್ಲದಿದ್ದರೆ ‘ಇಲ್ಲದಿದ್ದರೆ’ಯನ್ನು ಹಿಂದೆ ತೀರಾ ಹತ್ತಿರವಿರುವ ಷರತ್ತಿಗೆ ಸೇರಿಸು. ಕಂಪ್ಯೂಟರ್ ಪಂಡಿತರೂ ರತ್ನಕ್ಕನೂ ಎಂದಾದರೂ ಭೇಟಿಯಾಗಿದ್ದರೇ? ಇಲ್ಲ. ಇಬ್ಬರಿಗೂ ಇದ್ದದ್ದು ಒಂದೇ ತೊಂದರೆ, ಉದ್ದನೆಯದೊಂದನ್ನು ಸರಿಯಾದ ಜಾಗದಲ್ಲಿ ತುಂಡು ಮಾಡುವುದು. ತೊಂದರೆ ಒಂದೇ ಆದಾಗ ಉತ್ತರವೂ ಒಂದೇ ಆಗುತ್ತದೆಯೇ? ಈ ಪ್ರಶ್ನೆ ನನ್ನನ್ನು ಎರಡು ದಿನ ಕಾಡಿತು.

ಕರೆಂಟ್ ಬಂತು. ರತ್ನಕ್ಕ ಎದ್ದು ಹೋದರು. ಆಮೇಲೆ ಹತ್ತು ದಿನವೂ ಚೈತ್ರಾ ಮಗ್ಗದ ಪಕ್ಕದಲ್ಲೇ ಕೂತು ಓದುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು. ಬಾಯಿಪಾಠ ಮಾಡುವವರ ತುಟಿ ಅಲ್ಲಾಡುತ್ತದೆ. ಅವಳ ತುಟಿ ಅಲ್ಲಾಡುತ್ತಿರಲಿಲ್ಲ.

ಮೊನ್ನೆ ಗುರುವಾರ ಪರೀಕ್ಷೆ. ಸಂಜೆ ಅವಳು ಬಸ್ ಇಳಿದು ಬರುವಾಗ ರತ್ನಕ್ಕ ಮಗ್ಗ ನಿಲ್ಲಿಸಿ ಬಾಗಿಲಲ್ಲಿ ನಿಂತಿದ್ದರು. (ಕರೆಂಟ್ ಇದ್ದಾಗ ಅವರು ಮಗ್ಗ ನಿಲ್ಲಿಸಿದ್ದನ್ನು ನಾನು ನೋಡಿದ್ದು ಕಡಿಮೆ.) ನಾನೂ ಬೀದಿ ದಾಟಿ ಹೋದೆ.

‘ಅದು ಬಂದಿತ್ತಾ?’

‘ಬಂದಿತ್ತು ಅತ್ತೆ. ಹತ್ತು ಮಾರ್ಕ್ಸ್‌ಗೆ.’

‘ಬ್ಲೌಸ್ ಬರೆದ್ಯಾ?’

ಚೈತ್ರಾ ಚಪ್ಪಲಿ ಬಿಡುತ್ತಾ ತಲೆ ತಗ್ಗಿಸಿಯೇ ಹೇಳಿದಳು. ‘ಎರಡು ಮರಾನೂ ಬರೆದೆ. ಗುರುತಿನ ನೂಲೂ ಬರೆದೆ. ಪುಟ ತುಂಬ್ತು. ಆಮೇಲೆ ಭಯ ಆಗೋಯ್ತು, ಪೇಪರ್ ನೋಡೋರು ಸೀರೆ ನೋಡಿ ಏನಂದ್ಕೋತಾರೋ ಅಂತ. ಬರೆದಿದ್ದರ ಮೇಲೆಲ್ಲ ಅಡ್ಡಗೆರೆ ಎಳೆದು, ಗೈಡ್‌ನಲ್ಲಿರೋ ಥರಾನೇ ಬರೆಯೋಕೆ ಶುರು ಮಾಡ್ದೆ. ಅರ್ಧ ಆಗೋಷ್ಟರಲ್ಲಿ ಬೆಲ್ ಹೊಡೀತು.’

‘ನಾವು ಬರೆದಿದ್ದು ತಪ್ಪಿತ್ತಾ?’

‘ಇಲ್ಲ ಅತ್ತೆ. ಸರಿಯಾಗೇ ಇತ್ತು.’

ರತ್ನಕ್ಕ ಕಾಫಿ ಇಡಲು ಒಳಗೆ ಹೋದರು. ಉಳಿದ ನಾಲ್ಕು ಪ್ರಶ್ನೆ ಚೆನ್ನಾಗಿ ಬರೆದಿದ್ದಾಳಂತೆ. ಪಾಸಾಗುವಷ್ಟು ಆಗುತ್ತೋ ಇಲ್ಲವೋ ಅವಳಿಗೂ ಗೊತ್ತಿಲ್ಲ. ಅದನ್ನು ಫಲಿತಾಂಶ ಹೇಳುತ್ತದೆ.

ಸರಿ ಎಂದು ಗೊತ್ತಿದ್ದ ಉತ್ತರದ ಮೇಲೆ ತಾನೇ ಅಡ್ಡಗೆರೆ ಎಳೆಯುವುದನ್ನು ಅವಳಿಗೆ ಯಾವ ಸೆಮಿಸ್ಟರ್‌ನಲ್ಲಿ ಕಲಿಸಿದರು?