ಅಕ್ಕ ನೋಡದ ಹಸಿರು

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ರಾಯಚೂರಿನ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಅಕ್ಕ ರೊಟ್ಟಿ ಬಡಿಯುತ್ತಿದ್ದರೆ ನಾನು ಎದುರು ಕೂತು ಪಾಠ ಒಪ್ಪಿಸುತ್ತಿದ್ದೆ. ಏಳನೆಯ ತರಗತಿಗೆ ಶಾಲೆ ಬಿಟ್ಟವಳು ಅವಳು. ಆದರೂ ನಾನು ಅರ್ಥವಾಗದೆ ಉರು ಹೊಡೆದದ್ದನ್ನು ತಕ್ಷಣ ಹಿಡಿಯುತ್ತಿದ್ದಳು. "ನಂಗ ತಿಳೀಲಿಲ್ಲ, ಮತ್ತೊಮ್ಮೆ ಹೇಳು." ಅವಳಿಗೆ ತಿಳಿಯುವವರೆಗೆ ನನಗೂ ತಿಳಿದಿರುತ್ತಿರಲಿಲ್ಲ.

ಮದುವೆಯಾಗಿ ಅವಳು ವಿಜಯವಾಡದ ಪಟಮಟ ಬಡಾವಣೆ ಸೇರಿದಳು. ನಾನು ಸಂಶೋಧನೆಗೆಂದು ವಿಶಾಖಪಟ್ಟಣಕ್ಕೆ ಬಂದಾಗ, ಒಂದೇ ರೈಲಿನ ದೂರ, ತಿಂಗಳಿಗೊಮ್ಮೆಯಾದರೂ ಸಿಗುತ್ತಾಳೆ ಅಂದುಕೊಂಡಿದ್ದೆ. ಅಷ್ಟರಲ್ಲಿ ಅವಳ ಅತ್ತೆ ಹಾಸಿಗೆ ಹಿಡಿದರು. ನನ್ನ ಪ್ರಯೋಗಗಳಿಗೆ ಭಾನುವಾರವೇ ಇರಲಿಲ್ಲ.

ನಾನು ಟೈಫಾಯ್ಡ್ ಬ್ಯಾಕ್ಟೀರಿಯಾದ ಜೀನ್‌ಗಳನ್ನು ಅಭ್ಯಾಸ ಮಾಡುತ್ತೇನೆ. ಅದು ನಮ್ಮ ಜೀವಕೋಶದೊಳಗೆ ಹೊಕ್ಕಾಗ ಮೆಗ್ನೀಸಿಯಂ ಸಾಲದಾಗುತ್ತದೆ. ಆ ಕೊರತೆಗೇ ಕೆಲವು ಜೀನ್‌ಗಳು ಚಾಲೂ ಆಗುತ್ತವೆ. ಅಂಥ ಒಂದು ಜೀನಿನ ಸ್ವಿಚ್ಚಿಗೆ ಹಸಿರಾಗಿ ಹೊಳೆಯುವ ಪ್ರೋಟೀನನ್ನು ಜೋಡಿಸಿದ್ದೆ. ಸ್ವಿಚ್ಚು ಚಾಲೂ ಆದರೆ ನೀಲಿ ದೀಪದಡಿ ಬ್ಯಾಕ್ಟೀರಿಯಾ ಹಸಿರಾಗಿ ಬೆಳಗುತ್ತದೆ. ಇದನ್ನು ಅಕ್ಕನಿಗೆ ತೋರಿಸಬೇಕೆಂಬ ಆಸೆ ಪಿಎಚ್‌ಡಿಯ ಆಸೆಗಿಂತ ದೊಡ್ಡದಾಗಿತ್ತು.

ಕಳೆದ ವರ್ಷ ಅಕ್ಕನ ನಾದಿನಿ ಒಂದು ದಿನ ಅತ್ತೆಯನ್ನು ನೋಡಿಕೊಳ್ಳಲು ಒಪ್ಪಿದಳು. ಅಕ್ಕ ಬರುತ್ತಾಳೆಂದಾಯಿತು. ರೋಗದ ಬ್ಯಾಕ್ಟೀರಿಯಾ ಇರುವ ಕೋಣೆಗೆ ಹೊರಗಿನವರನ್ನು ಬಿಡುವುದಿಲ್ಲ. ಹಾಗಾಗಿ ಅದೇ ಸ್ವಿಚ್ಚನ್ನು ಹೊತ್ತ ನಿರುಪದ್ರವಿ ಬ್ಯಾಕ್ಟೀರಿಯಾವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದೆ. ಅಕ್ಕ ನೋಡುವಾಗ ತಟ್ಟೆ ಬಡಕಲಾಗಿರಬಾರದೆಂದು ನಮ್ಮಲ್ಲಿದ್ದ ಅತ್ಯಂತ ಪುಷ್ಟಿಯ ಆಹಾರವನ್ನೇ ಹಾಕಿದೆ. ದಟ್ಟವಾಗಿ ಬೆಳೆಯಿತು.

ಕತ್ತಲೆ ಕೋಣೆಯಲ್ಲಿ ಅವಳ ಕಣ್ಣಿಗೆ ಹಳದಿ ಕನ್ನಡಕ ಹಾಕಿ ನೀಲಿ ದೀಪ ಹಚ್ಚಿದೆ. ಏನೂ ಇಲ್ಲ.

"ಎಲ್ಲೈತೆವ್ವಾ ನಿನ್ನ ಹಸಿರು?"

ನನಗೆ ಆಗ ಹೊಳೆಯಿತು. ಮೆಗ್ನೀಸಿಯಂ ಕೊರತೆಯಿದ್ದರೆ ಮಾತ್ರ ಚಾಲೂ ಆಗುವ ಸ್ವಿಚ್ಚು. ನಾನೋ ಹೊಟ್ಟೆ ಬಿರಿಯುವಷ್ಟು ತಿನ್ನಿಸಿದ್ದೆ. ನಾಚಿಕೆಯಿಂದ ವಿವರಿಸಿದೆ. ಅಕ್ಕ ನಕ್ಕಳು.

"ಉಂಡು ಮಲಗ್ಯಾವಲ್ಲಾ! ನಮ್ಮ ಮನೆಯವರೂ ಹಂಗ. ಊಟ ಆದಮ್ಯಾಲ ಬೆಂಕಿ ಬಿದ್ರೂ ಏಳಂಗಿಲ್ಲ." ಆಮೇಲೆ ನನ್ನ ಮುಖ ನೋಡಿ, "ಪರ್ವಾಲೇದು ಬಿಡ," ಎಂದಳು. ಸಮಾಧಾನದ ಮಾತು ಅವಳಿಗೀಗ ತೆಲುಗಿನಲ್ಲೇ ಬರುತ್ತದೆ.

ಮಧ್ಯಾಹ್ನದ ರೈಲಿಗೆ ಹತ್ತಿಸಿ ಬಂದವಳೇ ಮೆಗ್ನೀಸಿಯಂ ಕಡಿಮೆಯಿರುವ ತಟ್ಟೆ ಮಾಡಿದೆ. ಎರಡನೆಯ ದಿನ ಬೆಳಗಿತು. ತೆಳ್ಳಗೆ, ಗೆರೆಗೆರೆಯಾಗಿ, ಆದರೆ ಅಚ್ಚ ಹಸಿರು. ಫೋಟೋ ಕಳಿಸಲೇ ಎಂದು ಫೋನಿನಲ್ಲಿ ಕೇಳಿದೆ.

"ಬ್ಯಾಡ. ಫೋಟೋದಾಗ ಏನ್ ತಿಳೀತೈತಿ? ನಾನ ಬರ್ತೀನಿ. ಇಟ್ಟಿರು."

ತಟ್ಟೆ ಬಹಳ ದಿನ ಬಾಳುವುದಿಲ್ಲ, ಒಣಗುತ್ತದೆ. ಅವಳ ಅತ್ತೆ ಇನ್ನೂ ಎದ್ದಿಲ್ಲ. ಎರಡು ವಾರಕ್ಕೊಮ್ಮೆ ಹಳೆಯ ತಟ್ಟೆಯಿಂದ ಒಂದಿಷ್ಟು ಬ್ಯಾಕ್ಟೀರಿಯಾ ತೆಗೆದು ಹೊಸದರ ಮೇಲೆ ಗೆರೆ ಎಳೆದು, ಮುಚ್ಚಳದ ಮೇಲೆ ತಾರೀಖು ಬರೆದು ಫ್ರಿಜ್ಜಿನಲ್ಲಿಡುತ್ತೇನೆ. ಪ್ರಯೋಗಕ್ಕೆ ಅದರ ಅಗತ್ಯವಿಲ್ಲ.