ಎರಡನೆಯ ಸಿಮ್

ಜುಂಜಣ್ಣ ನನ್ನ ಬಳಿ ಕೊಂಡದ್ದು ಒಂದೇ ಸಿಮ್. ಎರಡು ಎಂದು ಪೊಲೀಸರೆದುರು ಹೇಳಿದವಳು ನಾನು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಬಾಯಿತಪ್ಪಿ ಬಂದದ್ದಲ್ಲ, ಯಾರೂ ಹೆದರಿಸಿ ಹೇಳಿಸಿದ್ದಲ್ಲ. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ — ತಡಮಾಡಿದರೆ ಮತ್ತೆ ಏನಾದರೊಂದು ನೆಪ ಹುಡುಕಿಕೊಳ್ಳುತ್ತೇನೆ, ಆ ಅಭ್ಯಾಸ ನನಗೆ ಚೆನ್ನಾಗಿದೆ.

ಹಿರಿಯೂರಿನ ಬಸ್ ನಿಲ್ದಾಣದ ಎದುರು, ಎಳನೀರಿನ ಗಾಡಿಯ ಪಕ್ಕದಲ್ಲಿ, ಬಣ್ಣದ ಕೊಡೆಯ ಕೆಳಗೆ ಮೇಜು ಹಾಕಿಕೊಂಡು ಕೂರುತ್ತಿದ್ದೆ. ಹೊಸ ಸಿಮ್ ಕೊಡುವುದು, ರೀಚಾರ್ಜ್ ಮಾಡುವುದು ನನ್ನ ಕೆಲಸ. ಆಧಾರ್ ಸಂಖ್ಯೆ ಹಾಕಿ, ಅಂಗೈಯಗಲದ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಮುಗಿಯಿತು, ಸಿಮ್ ಅವರ ಹೆಸರಿಗೆ. ನನಗೆ ಸಿಮ್‌ಗಳನ್ನು ತಂದುಕೊಡುತ್ತಿದ್ದವನು ಕಿರಣ ಎಂಬ ಏಜೆಂಟ್. ಒಂದು ದಿನ ಅವನು ಎಳನೀರು ಕುಡಿಯುತ್ತಾ ಹೇಳಿದ, "ಅಕ್ಕ, ಒಬ್ಬೊಬ್ರ ಹತ್ರ ಎರಡು ಸಲ ಒತ್ತಿಸ್ಕಳ್ರಿ. ಒಂದು ಸಿಮ್ ಅವ್ರಿಗೆ, ಇನ್ನೊಂದು ನನಗೆ. ಅದಕ್ಕೆ ಬೇರೆ ಕಮಿಷನ್ ಐತೆ. ಯಾರಿಗೆ ಗೊತ್ತಾಗ್ತೈತೆ?"

ಆ ಇನ್ನೊಂದು ಸಿಮ್ ಎಲ್ಲಿಗೆ ಹೋಗುತ್ತದೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದನೇನೋ — ಅದಕ್ಕೇ ಕೇಳಲಿಲ್ಲ. ಮನೆಯಲ್ಲಿ ಕಷ್ಟವಿತ್ತು ಎಂದು ಬರೆದರೆ ಓದುವವರಿಗೆ ಕರುಣೆ ಬರಬಹುದು. ಅಂಥದ್ದೇನೂ ಇರಲಿಲ್ಲ. ಗಂಡನಿಗೆ ಗ್ಯಾರೇಜಿನಲ್ಲಿ ಕೆಲಸವಿತ್ತು, ಉಣ್ಣಲು ಉಡಲು ಕೊರತೆಯಿರಲಿಲ್ಲ. ಸುಲಭವಾಗಿತ್ತು, ಮಾಡಿದೆ.

ಜುಂಜಣ್ಣ ಯಲ್ಲದಕೆರೆ ಕಡೆಯವನು. ಕುರಿ ಕಾಯುವವನು. ಮಗಳನ್ನು ತುರುವನೂರಿಗೆ ಕೊಟ್ಟಿದ್ದ. ಕುರಿಗಳ ಹಿಂದೆ ಊರೂರು ಅಲೆಯುವ ಅಪ್ಪ ಈಗ ಎಲ್ಲಿದ್ದಾನೋ, ಉಂಡನೋ ಇಲ್ಲವೋ ಎಂದು ಆ ಹುಡುಗಿ ಪೇಚಾಡುತ್ತಿದ್ದಳಂತೆ. ಅದಕ್ಕೆಂದು ಅಳಿಯ ಒಂದು ಫೋನು ಕೊಡಿಸಿದ್ದ, ಅದಕ್ಕೊಂದು ಸಿಮ್ ಬೇಕಿತ್ತು. "ಕುಂತ್ಕಳ್ರಿ" ಎಂದೆ. ಕಂಬಳಿಯನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯ ಅಂಚಿನಲ್ಲಿ ಕುಳಿತ. ಹೆಬ್ಬೆಟ್ಟು ಒತ್ತಿದ. ಮೊದಲ ಸಲಕ್ಕೇ ಆಯಿತು. ಯಂತ್ರವನ್ನು ನನ್ನ ಕಡೆ ತಿರುಗಿಸಿಕೊಂಡು, "ಸರಿಯಾಗಿ ಬಿದ್ದಿಲ್ಲ, ಇನ್ನೊಂದ್ಸಲ ಒತ್ತಣ್ಣ" ಎಂದೆ.

ಅವನಿಗೆ ನಾಚಿಕೆಯಾಯಿತು. "ಉಣ್ಣೆ ಕತ್ರಿಸಿ ಕತ್ರಿಸಿ ಬೆರಳಿನ ಗೆರೆ ಎಲ್ಲ ಸವೆದು ಹೋಗವೆ ಕಣವ್ವ. ನಿನಗೆ ತೊಂದ್ರೆ ಕೊಟ್ಟೆ" ಎಂದು ಹೆಬ್ಬೆಟ್ಟನ್ನು ಪಂಚೆಗೆ ಒರೆಸಿ ಒರೆಸಿ ಮತ್ತೆ ಒತ್ತಿದ. ಪರವಾಗಿಲ್ಲ ಎಂದೆ — ನಾನೇ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವಳ ಹಾಗೆ.

ಆ ಎರಡನೆಯ ಸಿಮ್ಮಿನಿಂದ ಯಾರೋ ಹೊಸದುರ್ಗದ ಸುಶೀಲಮ್ಮ ಎಂಬಾಕೆಗೆ ಕರೆ ಮಾಡಿದರು. ಆಕೆ ಗಂಡನಿಲ್ಲದವಳು, ಅಂಗನವಾಡಿಯಲ್ಲಿ ದುಡಿದು ನಿವೃತ್ತಿಯಾಗಿ ಮನೆಯಲ್ಲಿ ಕುಳಿತವಳು. ಬ್ಯಾಂಕಿನಿಂದ ಮಾತಾಡುತ್ತಿದ್ದೇವೆ, ನಿಮ್ಮ ಖಾತೆ ನಿಂತುಹೋಗುತ್ತದೆ, ಮೊಬೈಲಿಗೆ ಬಂದ ನಂಬರ್ ಹೇಳಿ — ಇಷ್ಟೇ. ಆಕೆ ಹೇಳಿದಳು. ಆಯುಷ್ಯವೆಲ್ಲ ಕೂಡಿಟ್ಟದ್ದು ಹೋಯಿತು. ಪೊಲೀಸರು ಕರೆ ಬಂದ ನಂಬರನ್ನು ಹುಡುಕಿದಾಗ ಸಿಕ್ಕ ಹೆಸರು ಜುಂಜಣ್ಣನದು.

ಕುರಿಗಳು ಮರಿ ಹಾಕುವ ಕಾಲ. ಅವನನ್ನು ಹಟ್ಟಿಯಿಂದಲೇ ಕರೆತಂದಿದ್ದರು. ಜೀಪು ನನ್ನ ಮೇಜಿನ ಹತ್ತಿರ ನಿಂತಾಗ ಅವನ ಮುಖದಲ್ಲಿ — ಹೇಗೆ ಹೇಳಲಿ — ನೆಮ್ಮದಿಯಿತ್ತು. ನನ್ನನ್ನು ಕಂಡು ನೆಮ್ಮದಿ. "ಈ ಅವ್ವನ್ನೇ ಕೇಳ್ರಿ ಸಾಮಿ. ಇವಳೇ ಕೊಟ್ಟಿದ್ದು. ನಾನು ತಗಂಡಿದ್ದು ಒಂದೇ."

"ಏನಮ್ಮ, ಎಷ್ಟು ಸಿಮ್ ತಗಂಡ ಇವನು?"

"ಎರಡು," ಎಂದೆ.

ಜುಂಜಣ್ಣ ಕೂಗಾಡಲಿಲ್ಲ. ನನ್ನನ್ನೇ ನೋಡಿದ, ಆಮೇಲೆ ನೆಲ ನೋಡಿದ. "ಎರಡಾ..." ಎಂದು ತನ್ನಷ್ಟಕ್ಕೆ ಅಂದುಕೊಂಡ. ನಂತರ ಪೊಲೀಸಿನವನಿಗೆ ಹೇಳಿದ, "ಇರಬೌದು ಸಾಮಿ. ನನಗೇ ನೆಪ್ಪಿಲ್ಲೇನೋ. ಓದಿದೋರು, ಅವ್ರು ಯಾಕೆ ಸುಳ್ಳು ಹೇಳ್ತಾರೆ?"

ಜೀಪು ಹೊರಟುಹೋಯಿತು. ನಾನು ಮುಂದಿನ ಗಿರಾಕಿಗೆ ರೀಚಾರ್ಜ್ ಮಾಡಿಕೊಟ್ಟೆ.

ಜುಂಜಣ್ಣನಿಗೆ ಜಾಮೀನು ಸಿಕ್ಕಿತು, ಕೇಸು ಮುಗಿಯಲಿಲ್ಲ. ಕೋರ್ಟಿಗೆಂದು ಚಿತ್ರದುರ್ಗಕ್ಕೆ ಅಲೆದ. ಅಲೆಯುವವನು ಕುರಿ ಕಾಯುವುದು ಹೇಗೆ? ಮಂದೆ ಬೇರೆಯವರ ಪಾಲಾಯಿತು. ತುರುವನೂರಿನಲ್ಲಿ ಬೀಗರು ಮಗಳಿಗೆ ಏನೇನು ಅಂದರೋ, ಅವಳು ಬರುವುದು ಕಡಿಮೆಯಾಯಿತು. ಇದೆಲ್ಲ ನನಗೆ ಎಳನೀರಿನ ಗಾಡಿಯವನಿಂದ ತಿಳಿಯುತ್ತಿತ್ತು. ಅಯ್ಯೋ ಪಾಪ ಎನ್ನುತ್ತಿದ್ದೆ. ನಿಜವಾಗಿಯೂ ಎನ್ನುತ್ತಿದ್ದೆ. ಕಿರಣ ನಂಬರ್ ಬದಲಿಸಿ ಮಾಯವಾದ. ನಾನು ಮೇಜು ಎತ್ತಿಟ್ಟು ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಹೀಗೆ ವರ್ಷಗಳು ಹೋದವು.

ಈಗ ನನಗೂ ಎಲ್ಲರ ಹಾಗೆ ದಿನವಿಡೀ ಅಂಥ ಕರೆಗಳು ಬರುತ್ತವೆ. ಲಾಟರಿ ಬಂದಿದೆ, ಕರೆಂಟ್ ಕಟ್ ಆಗುತ್ತದೆ, ನಿಮ್ಮ ಪಾರ್ಸೆಲ್ ಸಿಕ್ಕಿಬಿದ್ದಿದೆ. ಮೇಲ್ ತೆರೆದರೂ ಅದೇ ಕಸ. ಅಂಗಡಿಯ ಹುಡುಗಿಯರು ಬೈದು ಬ್ಲಾಕ್ ಮಾಡುತ್ತಾರೆ. ನನಗೆ ಬೈಯುವುದಾಗುವುದಿಲ್ಲ. ನಂಬರನ್ನೇ ನೋಡುತ್ತಾ ಕೂರುತ್ತೇನೆ — ಇದು ಯಾರ ಹೆಬ್ಬೆಟ್ಟು? ಯಾವ ಊರಿನವನು ಸರಿಯಾಗಿ ಬಿದ್ದಿಲ್ಲವೆಂದು ಮತ್ತೊಮ್ಮೆ ಒತ್ತಿ, ತೊಂದರೆ ಕೊಟ್ಟೆ ಅಂದವನು? ಒಂದೊಂದು ಕರೆಗೂ ಸುಸ್ತಾಗುತ್ತದೆ. ಮಲಗಿ ಎದ್ದರೆ ಹೋಗುವ ಸುಸ್ತಲ್ಲ.

ಕಳೆದ ತಿಂಗಳು ಊಟದ ಹೊತ್ತಿನಲ್ಲಿ ಒಬ್ಬ ಕರೆ ಮಾಡಿದ. ದೊಡ್ಡ ಪೊಲೀಸ್ ಅಧಿಕಾರಿಯಂತೆ. ಗಡುಸು ದನಿ. "ಮೇಡಂ, ನಿಮ್ಮ ಕೈಯಿಂದ ಹೋದ ಒಂದು ಸಿಮ್ ಕಾರ್ಡ್‌ನಿಂದ ಜನಕ್ಕೆ ಮೋಸ ಆಗಿದೆ. ನಿಮ್ಮ ಮೇಲೆ ಕೇಸ್ ಆಗಿದೆ. ಒಪ್ಕೊತೀರಾ?"

ಅವನು ಕಳ್ಳನೆಂದು ನನಗೆ ಗೊತ್ತಿತ್ತು. ಎಲ್ಲರಿಗೂ ಇದನ್ನೇ ಹೇಳಿ ಹೆದರಿಸುತ್ತಾರೆ, ಅದೂ ಗೊತ್ತಿತ್ತು. ಆದರೂ — "ಒಪ್ಕೊತೀನಿ" ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ಜುಂಜಣ್ಣನ ಹೆಸರು, ಹಟ್ಟಿ, ಜೀಪು, ನಾನು ಹೇಳಿದ ಮಾತು, ಎಲ್ಲವನ್ನೂ ಹೇಳಿದೆ. ಇಷ್ಟು ವರ್ಷ ಗಂಡನಿಗೂ ಹೇಳದ್ದನ್ನು ಊರು ಹೆಸರಿಲ್ಲದ ಒಬ್ಬ ವಂಚಕನಿಗೆ ಹೇಳುತ್ತಿದ್ದೆ. ಅವನಿಗೆ ಯಾರೂ ಕಲಿಸಿಕೊಟ್ಟಿರದ ಉತ್ತರ ಅದು. ಕೊನೆಗೆ, "ಇದೆಲ್ಲ ನಂಗ್ಯಾಕೆ ಹೇಳ್ತಿದೀರಾ?" ಎಂದು ಮೆಲ್ಲಗೆ ಕೇಳಿ ಕರೆ ಕತ್ತರಿಸಿದ.

ಅವನು ಕೇಳಿದ್ದು ಸರಿಯಾಗಿಯೇ ಇತ್ತು.

ಗಂಡನಿಗೆ ಹೇಳಿದೆ. "ಈಗ ಯಾಕೆ? ಎಲ್ಲಾ ತಣ್ಣಗಾಗೈತೆ" ಎಂದ. ನಮಗೆ ತಣ್ಣಗಾಗಿತ್ತು. ಜುಂಜಣ್ಣ ಈಗ ಹಿರಿಯೂರಿನ ಒಂದು ಮಂಡಿಯಲ್ಲಿ ತೆಂಗಿನಕಾಯಿ ಸುಲಿಯುತ್ತಾನೆ. ಅಲ್ಲಿಗೆ ಹೋದೆ. ಸಿಪ್ಪೆಯ ರಾಶಿಯ ಪಕ್ಕ ನಿಂತುಕೊಂಡೇ ಹೇಳಿದೆ. ಅವನು ಕೆಲಸ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡ.

"ಹಂಗಾದ್ರೆ ನನ್ನ ನೆಪ್ಪು ಸರಿಯಾಗೇ ಐತೆ," ಎಂದ. "ನನಗೆ ಮರೆವು ಬಂತು ಅಂತ ಮಗಳಿಗೂ ಹೇಳಿದ್ದೆ."

ನಾನು ಕಾಲು ಮುಟ್ಟಲು ಬಗ್ಗಿದೆ. ಅವನು ಹಿಂದೆ ಸರಿದ. "ಬ್ಯಾಡ. ಕೋರ್ಟಿಗೆ ಹೇಳ್ತೀಯೋ ಬಿಡ್ತೀಯೋ ನಿನಗೆ ಬಿಟ್ಟಿದ್ದು. ಆ ಹೊಸದುರ್ಗದವ್ವ ಕೋರ್ಟಿನಾಗೆ ನನ್ನ ಮುಖ ನೋಡಿ ಅಳ್ತಿದ್ಲು. ನಾನೇ ತಿಂದೆ ಅಂದ್ಕಂಡವ್ಳೆ. ಮೊದ್ಲು ಅವಳಿಗೆ ಹೇಳು." ಮತ್ತೆ ಕಾಯಿ ಸುಲಿಯಲು ತೊಡಗಿದ. ಕ್ಷಮಿಸಿದ್ದೇನೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಅವನು ಮೊದಲು ಎಂದದ್ದನ್ನು ನಾನು ಎರಡನೆಯದು ಮಾಡಿದೆ. ಧೈರ್ಯ ಕರಗುವ ಮುಂಚೆ ಚಿತ್ರದುರ್ಗದ ಕೋರ್ಟಿಗೆ ಹೋಗಿ ಹೇಳಿಕೆ ಬರೆಸಿ ಸಹಿ ಹಾಕಿ ಬಂದೆ. ಇನ್ನು ನನ್ನ ಮೇಲೂ ಕೇಸು ಆಗುತ್ತದೆ ಎಂದರು. ಆಗಲಿ. ಜುಂಜಣ್ಣನ ಹೆಸರು ಕೇಸಿನಿಂದ ಯಾವಾಗ ಬಿಡುಗಡೆಯಾಗುತ್ತದೆಂದು ಕೇಳಿದೆ. ಅದನ್ನು ಯಾರೂ ಹೇಳಲಿಲ್ಲ.

ನಾಳೆ ಹೊಸದುರ್ಗಕ್ಕೆ ಹೋಗಬೇಕು. ಸುಶೀಲಮ್ಮನ ನಂಬರ್ ಸಿಕ್ಕಿದೆ, ಹಲವು ಸಲ ಮಾಡಿ ನೋಡಿದೆ, ಎತ್ತಲಿಲ್ಲ. ಆಕೆ ಗೊತ್ತಿಲ್ಲದವರ ಕರೆ ಎತ್ತುವುದನ್ನು ಅಂದೇ ಬಿಟ್ಟಳಂತೆ. ಬೆಳಗಿನ ಬಸ್ಸಿಗೆ ಹೊರಟು, ಮನೆ ಕೇಳಿಕೊಂಡು ಹೋಗಿ, ಬಾಗಿಲು ತಟ್ಟುತ್ತೇನೆ.