ಯಾಲಕ್ಕಿಯ ಕೊಸರು

ಖಾನಾಪುರದ ಸಂತೆಯಲ್ಲಿ ತರಕಾರಿ ಕೊಂಡ ಮೇಲೆ ಕೊಸರು ನನ್ನ ಹಕ್ಕು. ಮಾರುವವಳು ಬೈಯುತ್ತಲೇ ಒಂದು ಹಿಡಿ ಕೊತ್ತಂಬರಿ, ನಾಲ್ಕು ಮೆಣಸಿನಕಾಯಿ ಚೀಲಕ್ಕೆ ಹಾಕುತ್ತಾಳೆ. ಮರೆತರೆ ನಾನೇ ಎತ್ತಿ ಹಾಕಿಕೊಳ್ಳುತ್ತೇನೆ. ಬೆಳಗಾವಿಗೆ ಹೋದಾಗ ಟಿಳಕವಾಡಿಯ ಎಸಿ ಅಂಗಡಿಯಲ್ಲೂ ನಾನು ಮಾಡಿದ್ದು ಇಷ್ಟೇ. ತಿಂಗಳ ದಿನಸಿಗೆಲ್ಲ ದುಡ್ಡು ಕೊಟ್ಟ ಮೇಲೆ, ಕೌಂಟರಿನ ಪಕ್ಕದಲ್ಲಿದ್ದ ಯಾಲಕ್ಕಿಯ ಒಂದು ಚಿಕ್ಕ ಪೊಟ್ಟಣವನ್ನು ಚೀಲಕ್ಕೆ ಸೇರಿಸಿದೆ. ಬಾಗಿಲಲ್ಲಿ ಕಾವಲುಗಾರ ತಡೆದ. ಮ್ಯಾನೇಜರ್ ಪೊಲೀಸರಿಗೆ ದೂರು ಬರೆದುಕೊಟ್ಟ. ಇಪ್ಪತ್ತೆರಡು ವರ್ಷ ಅಂಗನವಾಡಿಯಲ್ಲಿ 'ಕೇಳದೆ ಏನನ್ನೂ ಮುಟ್ಟಬಾರದು' ಎಂದು ಮಕ್ಕಳಿಗೆ ಕಲಿಸಿದವಳು ಸಂಜೆಯೊಳಗೆ ಆರೋಪಿಯಾಗಿದ್ದೆ.

ಬೆಳಗಾವಿಯ ಕ್ಯಾಂಪ್ ಬಡಾವಣೆಯ ವಕೀಲರೊಬ್ಬರು ಮೂರು ದಾರಿ ಹೇಳಿದರು.

"ಅಕ್ಕಾರ, ಒಂದು, ತಪ್ಪು ಒಪ್ಪಿಕೊಳ್ಳೂದು. ಮೊದಲನೇ ಸಲ, ಮಾಲು ಐದು ಸಾವಿರದ ಒಳಗ, ವಾಪಸ್ ಕೊಟ್ಟೀರಿ. ಜೈಲಿಲ್ಲ, ಸಮಾಜ ಸೇವಾ ಮಾಡಸ್ತಾರ. ಕಸಾ ಹೊಡ್ಯೂದು, ಇಂಥಾದ್ದು."

"ಅದನ್ನ ಅಂಗನವಾಡ್ಯಾಗ ದಿನಾ ಮಾಡಾಕತ್ತೇನ್ರಿ," ಎಂದೆ.

"ಆದ್ರ ಅದು ಶಿಕ್ಷಾನ ಆತಲ್ರಿ. ಕೆಲಸಕ್ಕ ಕುತ್ತು ಬರಬಹುದು."

ಎರಡನೆಯದು ರಾಜಿ. ಅಂಗಡಿಯವರು ಒಪ್ಪಿದರೆ ಕೇಸು ಮುಗಿಯುತ್ತದೆ, ಆದರೆ ಅವರಿಗೆ ಕ್ಷಮಾಪಣೆ ಪತ್ರ ಬೇಕಂತೆ. ಮೂರನೆಯದು, ಕದಿಯುವ ಉದ್ದೇಶವೇ ಇರಲಿಲ್ಲ ಎಂದು ವಾದಿಸುತ್ತ, ಪ್ರತಿ ತಾರೀಖಿಗೂ ಖಾನಾಪುರದಿಂದ ಬಸ್ಸು ಹತ್ತುವುದು.

ನನಗೆ ಸಿಟ್ಟು ನೆತ್ತಿಗೇರಿತ್ತು. "ಮೂರನೇದ್ದ ಮಾಡೂಣ್ರಿ. ಕೊಸರು ತಗೊಂಡಾಕಿ ಯಾಕ ಕ್ಷಮಾ ಕೇಳಬೇಕು? ಜಜ್ ಸಾಹೇಬ್ರ ಮನ್ಯಾಗೂ ಕೊಸರು ತಗೊಂಡ ಕಾಯಿಪಲ್ಲೆ ತರತಾರ."

ವಕೀಲರಿಗೆ ವಾದ ಬಹಳ ಹಿಡಿಸಿತು. ಕಾಗದದ ಮೇಲೆ 'ಕೊಸರು' ಎಂದು ಬರೆದು ಎರಡು ಗೆರೆ ಎಳೆದರು. ಆಮೇಲೆ, ನಾನೂ ಒಮ್ಮೆ ನೋಡಿರಲಿ ಎಂದು, ಅಂಗಡಿಯ ಕ್ಯಾಮೆರಾದ ದೃಶ್ಯವನ್ನು ಮೊಬೈಲಿನಲ್ಲಿ ತೋರಿಸಿದರು.

ನನ್ನದೇ ಹಸಿರು ಸೀರೆ. ಆ ಹೆಂಗಸು ಪೊಟ್ಟಣ ಎತ್ತಿದಳು. ಎಡಕ್ಕೆ ನೋಡಿದಳು. ಬಲಕ್ಕೆ ನೋಡಿದಳು. ಆಮೇಲೆ ಚೀಲಕ್ಕೆ ಹಾಕಿದಳು.

ಸಂತೆಯಲ್ಲಿ ಕೊಸರು ಎತ್ತುವಾಗ ನಾನು ಒಂದು ದಿನವೂ ಅತ್ತಿತ್ತ ನೋಡಿದವಳಲ್ಲ. ಮಾರುವವಳ ಮುಖವನ್ನೇ ನೋಡುತ್ತೇನೆ, ಬೈಯಲಿ ಎಂದು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು.

"ಜಬರ್ದಸ್ತ್ ಕೇಸ್ ಐತ್ರಿ ಅಕ್ಕಾರ, ಗೆಲ್ಲೂಣು," ಎಂದರು ವಕೀಲರು ಹುರುಪಿನಿಂದ.

"ಒಂದು ಬಿಳಿ ಹಾಳಿ ಕೊಡ್ರಿ," ಎಂದೆ. "ಕ್ಷಮಾ ಪತ್ರ ಬರಿತೇನಿ."